ಅಳಿಯನ ಗಡಿಯಾರ

ಪಾಲಿಬೆಟ್ಟ
೧೪ ಜನವರಿ ೨೦೨೪

ಶ್ರೀಮತಿ ಸುಮಿತಾ ಅವರಿಗೆ,

ನಮಸ್ಕಾರ. ನಾನು ಕುಟ್ಟಪ್ಪ, ಶ್ವೇತಳ ತಂದೆ. ನೀವು ಇದುವರೆಗೆ ಮಾತಾಡಿದ್ದು ನನ್ನ ಹೆಂಡತಿ ತಂಗಮ್ಮನ ಜೊತೆ. ಫೋನಿನಲ್ಲಿ ನನಗೆ ಸರಿಯಾಗಿ ಕೇಳಿಸುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಈ ಮದುವೆಯಲ್ಲಿ ನನಗೆ ನಂಬಿಕೆಯಿಲ್ಲ. ನನ್ನ ಮಗಳು ಏಳನೆಯ ವರ್ಷದಲ್ಲಿ ಜ್ವರ ಬಂದು ತೀರಿಕೊಂಡಳು. ನಿಮ್ಮ ಮಗ ದೀಕ್ಷಿತ್ ಒಂಬತ್ತನೆಯ ವರ್ಷದಲ್ಲಿ ಹೊಳೆಯಲ್ಲಿ ಹೋದ. ಸತ್ತ ಮಕ್ಕಳಿಗೆ ಮದುವೆಯ ವಯಸ್ಸಾಯಿತೆಂದು ಎರಡು ಮಣೆ ಹಾಕಿ ಧಾರೆ ಎರೆಯುವ ಕ್ರಮವನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೆ. ಪೇಪರಿನಲ್ಲಿ ನಿಮ್ಮ ಜಾಹೀರಾತು ನೋಡುವವರೆಗೆ ಅದೆಲ್ಲ ಮುಗಿದ ಸಂಗತಿ ಎಂದುಕೊಂಡಿದ್ದೆ. ತಂಗಮ್ಮ ನಿಮ್ಮ ಕುಲದ ಬಳಿ ಯಾವುದು, ನಮ್ಮದು ಯಾವುದು ಎಂದು ವಿಚಾರಿಸಿ ಒಪ್ಪಿಕೊಂಡಿದ್ದಾಳೆ. ಅವಳ ಸಮಾಧಾನಕ್ಕೆ ನಾನು ಅಡ್ಡ ಬರುವುದಿಲ್ಲ.

ವರನಿಗೆ ಹೆಣ್ಣಿನ ಕಡೆಯವರು ವಾಚು ಕೊಡಬೇಕಂತೆ. ಮಕ್ಕಳ ಆಟಿಕೆಯದ್ದಾದರೂ ಸಾಕು ಎಂದಿರಂತೆ. ಅದು ಬೇಡ. ಬಿಡಿಭಾಗ ತರಿಸಿ ಮನೆಯಲ್ಲೇ ಕೈಗಡಿಯಾರ ಜೋಡಿಸುವುದು ನನ್ನ ಬಹುಕಾಲದ ಹವ್ಯಾಸ. ಇದನ್ನೂ ನಾನೇ ಜೋಡಿಸುತ್ತೇನೆ. ಮೆಷಿನ್ ಬಂದಿದೆ. ಇದಕ್ಕೆ ಬ್ಯಾಟರಿ ಇಲ್ಲ, ಚಾವಿ ಕೊಡಲೂ ಬರುವುದಿಲ್ಲ. ಒಳಗೆ ಅರ್ಧಚಂದ್ರದ ಆಕಾರದ ಒಂದು ತೂಕವಿದೆ. ಕಟ್ಟಿಕೊಂಡವರ ಕೈ ಅಲುಗಿದರೆ ಅದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಬಿಚ್ಚಿಟ್ಟರೆ ಎರಡು ದಿನದೊಳಗೆ ನಿಲ್ಲುತ್ತದೆ. ಬೇಕೆಂದೇ ಇಂಥದನ್ನು ಆರಿಸಿದೆ. ಈ ಮದುವೆಯಲ್ಲಿ ಒಂದು ವಸ್ತುವಾದರೂ ಸುಳ್ಳು ಹೇಳದಿರಲಿ.

ಡಯಲ್ ಯಾವ ಬಣ್ಣದ್ದು ಬೇಕೆಂದು ತಿಳಿಸಿ. ಬೆಲ್ಟನ್ನು ಒಂಬತ್ತು ವರ್ಷದ ಹುಡುಗನ ಕೈಗೆ ಸರಿಯಾಗುವಂತೆ ಕತ್ತರಿಸುತ್ತೇನೆ.

ಕುಟ್ಟಪ್ಪ


ಸಂಪಾಜೆ
೨೩ ಜನವರಿ ೨೦೨೪

ಬೀಗರಿಗೆ ಸುಮಿತಾಳ ನಮಸ್ಕಾರ.

ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬರೆಯುತ್ತಿದ್ದೇನೆ, ಕಾಗದಕ್ಕೆ ಎಣ್ಣೆ ತಾಗಿದ್ದರೆ ಬೇಸರಿಸಬೇಡಿ. ಬೀಗರೇ ಎಂದು ಕರೆದದ್ದಕ್ಕೂ ಬೇಸರಿಸಬೇಡಿ. ನಿಮಗೆ ನಂಬಿಕೆ ಇಲ್ಲದಿದ್ದರೂ ಸಂಬಂಧ ಸಂಬಂಧವೇ.

ನನಗೇನು ಇದು ಸಂಭ್ರಮವೆಂದು ತಿಳಿಯಬೇಡಿ. ಕಿರಿಯವನು ಶಶಿಧರನಿಗೆ ಎರಡು ಕಡೆ ಮಾತಾಗಿ, ಎರಡೂ ಕಡೆ ಕಾರಣ ಹೇಳದೆ ಮುರಿದರು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ, ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಅವನನ್ನು ದಾಟಿ ತಮ್ಮನ ಹೆಣ್ಣು ಒಳಗೆ ಬರಲಾರಳು ಎಂದು ಕಂಡಿತು. ಶಶಿ ಗಿರಾಕಿಗಳ ಎದುರೇ, "ಸತ್ತವಂಗೂ ಹೆಣ್ಣು ಸಿಕ್ಕಿತ್, ಬದ್ಕಿದವ ಚಾ ಸೋಸ್ತಾ ಉಳ್ದ" ಎಂದು ಹೇಳಿ ಎಲ್ಲರನ್ನೂ ನಗಿಸುತ್ತಾನೆ. ಲಾರಿಯವರು ನಗುತ್ತಾರೆ. ನಾನು ಚಟ್ನಿ ರುಬ್ಬಲು ಒಳಗೆ ಹೋಗುತ್ತೇನೆ.

ಡಯಲ್ ನೀಲಿ ಇರಲಿ. ಬೆಲ್ಟು ಮಾತ್ರ ಕತ್ತರಿಸಬೇಡಿ. ಒಂಬತ್ತು ವರ್ಷದ ಹುಡುಗನಿಗೆ ಯಾರಾದರೂ ಮದುವೆ ಮಾಡುತ್ತಾರೆಯೇ? ಅಲ್ಲಿಗೆ ಹೋದ ಮಕ್ಕಳು ಇಲ್ಲಿಯವರ ಹಾಗೆಯೇ ಬೆಳೆಯುತ್ತಾರೆ. ಎಡೆ ಇಡುವಾಗ ನಾನು ವರ್ಷವರ್ಷವೂ ಒಂದು ಹಿಡಿ ಅನ್ನ ಹೆಚ್ಚು ಮಾಡುತ್ತ ಬಂದಿದ್ದೇನೆ. ಅವನಿಗೀಗ ಇಪ್ಪತ್ತೊಂಬತ್ತು. ನಿಮ್ಮ ಮಗಳಿಗೆ ಇಪ್ಪತ್ತಾರು. ಅವಳಿಗೆ ಸೀರೆ ತಂದಿದ್ದೇನೆ, ಲಂಗವಲ್ಲ.

ಸುಮಿತಾ


ಪಾಲಿಬೆಟ್ಟ
೧೧ ಫೆಬ್ರವರಿ ೨೦೨೪

ಶ್ರೀಮತಿ ಸುಮಿತಾ ಅವರಿಗೆ,

ಗಡಿಯಾರ ಸಿದ್ಧವಾಗಿದೆ. ಮುಂದಿನ ಭಾನುವಾರ ಮದುವೆಗೆ ತರುತ್ತೇವೆ.

ಇದರಲ್ಲಿ ಕಷ್ಟದ ಕೆಲಸವೆಂದರೆ ಮುಳ್ಳು ಕೂರಿಸುವುದು. ಗಂಟೆಯದು ಕೆಳಗೆ, ಅದರ ಮೇಲೆ ನಿಮಿಷದ್ದು, ಎಲ್ಲಕ್ಕಿಂತ ಮೇಲೆ ಕೂದಲಿನಷ್ಟು ಸಪೂರವಾದ ಸೆಕೆಂಡಿನದು. ಒಂದು ಇನ್ನೊಂದಕ್ಕೆ ತಾಗಬಾರದು. ತಾಗಿದರೆ ಗಡಿಯಾರ ನಿಲ್ಲುತ್ತದೆ. ಯಾಕೆ ನಿಂತಿತೆಂದು ಹೊರಗಿನಿಂದ ನೋಡಿದವರಿಗೆ ತಿಳಿಯುವುದಿಲ್ಲ. ಈ ಸಲ ಮೊದಲ ಪ್ರಯತ್ನದಲ್ಲೇ ಕೂತವು. ನನ್ನ ಮೇಜು ಇರುವುದು ಶ್ವೇತ ಮಲಗುತ್ತಿದ್ದ ಕೋಣೆಯಲ್ಲಿ. ಬೆಳಕು ಅಲ್ಲೇ ಚೆನ್ನಾಗಿದೆ. ಬೇರೆ ಕಾರಣವಿಲ್ಲ.

ಬೆಲ್ಟನ್ನು ಕತ್ತರಿಸಿಲ್ಲ. ಆದರೆ ಬಕಲಿನ ಕಡೆಗೆ ಎರಡು ತೂತು ಹೆಚ್ಚಾಗಿ ಹೊಡೆದಿದ್ದೇನೆ. ಹುಡುಗನ ಕೈಗೆ ಹೊಂದುವ ತೂತಿಗೇ ಹಾಕಿ ಕೊಡುತ್ತೇನೆ. ನಿಮ್ಮ ಎಣಿಕೆ ನಿಮಗೆ, ನನ್ನದು ನನಗೆ.

ಕುಟ್ಟಪ್ಪ


ಸಂಪಾಜೆ
೧೦ ಮಾರ್ಚ್ ೨೦೨೪

ಬೀಗರಿಗೆ,

ಎಲ್ಲ ಚೆನ್ನಾಗಿ ಕಳೆಯಿತು. ಧಾರೆಯ ಹೊತ್ತಿಗೆ ನೀವು ಅಂಗಳದಾಚೆ ಜೀಪಿಗೆ ಒರಗಿ ನಿಂತಿದ್ದನ್ನು ನೋಡಿದೆ. ಊಟಕ್ಕಾದರೂ ಬಂದಿರಲ್ಲ, ಅಷ್ಟು ಸಾಕು.

ಅವನ ಪಂಚೆ, ಅಂಗಿ, ಅವಳ ಸೀರೆ, ಬಳೆ, ನಿಮ್ಮ ವಾಚು, ಎಲ್ಲವನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಒಳಕೋಣೆಯಲ್ಲಿ ಇಟ್ಟಿದ್ದೇನೆ. ವರ್ಷ ತುಂಬುವವರೆಗೆ ಹಾಗೆ ಇಡುವುದು ನಮ್ಮ ಮನೆಯ ಕ್ರಮ. ಸಂಕ್ರಮಣಕ್ಕೆ ಒಮ್ಮೆ ತೆರೆದು ದೀಪ ತೋರಿಸುತ್ತೇವೆ. ಈ ಸಲ ಮನಸ್ಸು ತಡೆಯದೆ ಮೊದಲೇ ತೆರೆದೆ.

ನಿಲ್ಲುತ್ತದೆ ಎಂದಿದ್ದಿರಿ. ನಿಂತಿಲ್ಲ. ನಿಮ್ಮ ಕೈಗುಣ ದೊಡ್ಡದು. ಸ್ವಲ್ಪ ಮುಂದೆ ಓಡುತ್ತಿದೆ, ಅಷ್ಟೆ. ಹೊಸ ಮದುಮಗನಿಗೆ ಅವಸರ ಸಹಜ. ಆದರೂ ಸರಿ ಮಾಡಿ ಕಳಿಸಿ. ಪಾರ್ಸೆಲ್ ಮಾಡಿದ್ದೇನೆ.

ಅರಂತೋಡಿನ ಕಡೆಯಿಂದ ಶಶಿಯನ್ನು ನೋಡಲು ಬಂದಿದ್ದರು. ಹುಡುಗಿಯೇ ಎದ್ದು ಚಾ ಲೋಟ ಒಳಗೆ ತಂದಿಟ್ಟಳು. ಈ ಸಲ ಮುರಿಯುವುದಿಲ್ಲ.

ಸುಮಿತಾ


ಪಾಲಿಬೆಟ್ಟ
೨೭ ಮಾರ್ಚ್ ೨೦೨೪

ಶ್ರೀಮತಿ ಸುಮಿತಾ ಅವರಿಗೆ,

ಪಾರ್ಸೆಲ್ ಬಿಚ್ಚಿದಾಗ ಗಡಿಯಾರ ಓಡುತ್ತಿತ್ತು. ಅದರಲ್ಲಿ ವಿಶೇಷವಿಲ್ಲ; ಘಾಟಿಯ ತಿರುವುಗಳಲ್ಲಿ ವ್ಯಾನು ಕುಲುಕಿದ್ದೇ ಅದಕ್ಕೆ ಸಾಕು.

ಆದರೆ ನಾನು ಹಾಕಿ ಕೊಟ್ಟ ತೂತಿನಲ್ಲಿ ಬಕಲ್ ಇರಲಿಲ್ಲ. ಅದಕ್ಕಿಂತ ನಾಲ್ಕು ತೂತು ಆಚೆ ಚರ್ಮ ಮಡಿದು ಗೆರೆ ಬಿದ್ದಿದೆ. ಒಂದೆರಡು ಸಲ ಕಟ್ಟಿದರೆ ಅಂಥ ಗೆರೆ ಬೀಳುವುದಿಲ್ಲ. ಹಿಂದಿನ ಮುಚ್ಚಳದ ಅಂಚಿನಲ್ಲಿ ಬೆವರಿನ ಉಪ್ಪು ಕಟ್ಟಿದೆ. ಗಾಜಿನ ಮೇಲೆ ಕಲ್ಲಿಗೆ ಉಜ್ಜಿದಂಥ ಗೀರು. ಬೆಳೆದ ಗಂಡಸೊಬ್ಬ ಇದನ್ನು ದಿನವೂ ಕಟ್ಟಿಕೊಂಡಿದ್ದಾನೆ.

ನಿಮ್ಮ ಮನೆಯಲ್ಲಿರುವ ಗಂಡಸು ಒಬ್ಬನೇ. ಶಶಿಧರನಿಗೆ ಗಡಿಯಾರ ಬೇಕಿದ್ದರೆ ಕೇಳಬಹುದಿತ್ತು, ಮಾಡಿಕೊಡುತ್ತಿದ್ದೆ. ಇದನ್ನು ಕಟ್ಟಿ, ನಿಂತಿಲ್ಲವೆಂದು ನಿಮ್ಮನ್ನು ನಂಬಿಸಿ, ಆ ಸುದ್ದಿಯನ್ನು ನನಗೆ ಬರೆಸಿದ್ದು ಸರಿಯಲ್ಲ. ನನ್ನ ಮಗಳ ಹೆಸರು ಇದರಲ್ಲಿ ಇದೆ.

ವೇಗ ಸರಿ ಮಾಡಿದ್ದೇನೆ. ವಾಪಸ್ ಕಳಿಸುತ್ತಿದ್ದೇನೆ.

ಕುಟ್ಟಪ್ಪ


ಸಂಪಾಜೆ
೬ ಏಪ್ರಿಲ್ ೨೦೨೪

ಕುಟ್ಟಪ್ಪನವರಿಗೆ,

ನಿಮ್ಮ ಕಾಗದವನ್ನು ಶಶಿಗೆ ತೋರಿಸಿದೆ. ಅವನು ಎಡಗೈ ಚಾಚಿದ. ನಾನೇ ಕಟ್ಟಿ ನೋಡಿದೆ. ಹಿಟ್ಟು ನಾದಿ, ಸೌದೆ ಒಡೆದು ಬೆಳೆದ ಕೈ ಅದು; ನಿಮ್ಮ ಬೆಲ್ಟಿನ ಕೊನೆಯ ತೂತಿಗೂ ಬಕಲ್ ಎಟುಕಲಿಲ್ಲ. ನನ್ನ ಕೈಗೆ ಅದು ಬಳೆಯ ಹಾಗೆ ಜಾರುತ್ತದೆ. ನೀವು ಗೆರೆ ಕಂಡ ತೂತಿಗೆ ಸರಿಹೊಂದುವ ಕೈ ಈ ಮನೆಯಲ್ಲಿ ನಡೆದಾಡುವವರಲ್ಲಿ ಯಾರಿಗೂ ಇಲ್ಲ. ಟ್ರಂಕಿನ ಬೀಗದ ಕೈ ನನ್ನ ಸೊಂಟದಲ್ಲಿದೆ.

ನೀವು ಕೇಳಲಿಲ್ಲ, ಆದರೂ ಬರೆಯುತ್ತೇನೆ. ನಿಮ್ಮ ಮಗಳಿಗೆ ಕೊಟ್ಟ ಸೀರೆಯನ್ನು ನಾನು ಅಂಗಡಿಯವರ ಮಡಿಕೆಯಲ್ಲೇ ಇಟ್ಟಿದ್ದೆ. ಈಗ ನೋಡಿದರೆ ಸೆರಗು ಒಳಗೆ ಸೇರಿಸಿ, ಎರಡೂ ಅಂಚು ಕೂಡಿಸಿ, ಪುಸ್ತಕದ ಹಾಗೆ ಮಡಿಸಿದೆ. ನಮ್ಮಲ್ಲಿ ಯಾರೂ ಹಾಗೆ ಮಡಿಸುವುದಿಲ್ಲ. ನಿಮ್ಮಲ್ಲಿ ಉಂಟೇ?

ಸುಮಿತಾ


ಪಾಲಿಬೆಟ್ಟ
೨ ಜುಲೈ ೨೦೨೪

ಬೀಗಿತ್ತಿಯವರೇ,

ಇಷ್ಟು ದಿನ ಬರೆಯಲಿಲ್ಲ. ಶಶಿಧರನಿಗೆ ನಾನು ಬರೆದದ್ದು ತಪ್ಪಾಯಿತೆಂದು ತಿಳಿಸಿ.

ಸೀರೆಯನ್ನು ಹಾಗೆ ಮಡಿಸುವುದು ತಂಗಮ್ಮ. ಅವಳಿಗೆ ನಿಮ್ಮ ಕಾಗದ ತೋರಿಸಿದೆ. ಓದಿ, ಕಣ್ಣು ಒರೆಸಿಕೊಂಡು, ಹಾಯಾಗಿ ಕಾಫಿ ಮಾಡಲು ಹೋದಳು. ಮದುವೆಯಾದಾಗಿನಿಂದ ಅವಳು ಹಗುರವಾಗಿದ್ದಾಳೆ. ನನಗೆ ಹಾಗಾಗಿಲ್ಲ.

ಒಂದು ಸಂಗತಿಯನ್ನು ನಾನು ಅವಳಿಗೂ ಹೇಳಿಲ್ಲ. ಶ್ವೇತ ಇದ್ದಾಗ ನನ್ನ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದಳು. ನಾನು ಭೂತಗನ್ನಡಿಯಿಂದ ಕಣ್ಣು ತೆಗೆಯದೆ ಕೈ ಚಾಚಿದರೆ ಚಿಮಟ ಬೇಕೋ ಸ್ಕ್ರೂಡ್ರೈವರ್ ಬೇಕೋ ನೋಡಿ ಕೈಗೆ ಇಡುತ್ತಿದ್ದಳು. ಅವಳು ಹೋದ ಮೇಲೂ ನಾನು ಹಾಗೆಯೇ ಕೈ ಚಾಚುತ್ತಿದ್ದೆ. ಬೇಕಾದದ್ದು ಬೆರಳಿಗೆ ಸಿಗುತ್ತಿತ್ತು. ಇಟ್ಟಲ್ಲೇ ಇಡುವ ಅಭ್ಯಾಸ ನನ್ನದು, ಅದರಿಂದ ಎಂದುಕೊಂಡಿದ್ದೆ. ನಿಮ್ಮಲ್ಲಿ ಧಾರೆಯಾದ ದಿನದಿಂದ ಸಿಗುತ್ತಿಲ್ಲ. ಎಲ್ಲ ಅದೇ ಜಾಗದಲ್ಲಿದೆ, ಆದರೂ ಪ್ರತಿ ಸಲ ತಲೆ ಎತ್ತಿ ಹುಡುಕಬೇಕು.

ಆಟಿ ತಿಂಗಳು ಹತ್ತಿರ ಬಂತು. ಹೊಸ ಮದುಮಗಳನ್ನು ಆಟಿಯಲ್ಲಿ ತವರಿನಲ್ಲಿ ಕೂರಿಸುವುದು ಕ್ರಮ. ನನ್ನ ಮಗಳನ್ನು ಕಳಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಕರೆಯಲು ನಾನೇ ಬರುತ್ತೇನೆ. ಹೇಗೆ ಕರೆಯಬೇಕು ಎಂಬುದು ಮಾತ್ರ ನನಗೆ ತಿಳಿಯದು.

ಕುಟ್ಟಪ್ಪ


ಸಂಪಾಜೆ
೯ ಜುಲೈ ೨೦೨೪

ಬೀಗರೇ,

ತಂದೆ ಕರೆದರೆ ಇಲ್ಲ ಎನ್ನುವುದುಂಟೇ? ಬನ್ನಿ.

ಟ್ರಂಕಿನ ಎದುರು ನಿಂತು ಹೆಸರು ಹಿಡಿದು, ಆಟಿಗೆ ಮನೆಗೆ ಹೋಗುವ ಎಂದು ಹೇಳಿ. ಆಮೇಲೆ ತಿರುಗಿ ನೋಡದೆ ಹೊರಡಿ. ಬಸ್ಸಿನಲ್ಲಿ ಪಕ್ಕದ ಸೀಟು ಬಿಡಿ, ಅವಳಿಗೂ ಟಿಕೆಟ್ ತೆಗೆಯಿರಿ. ಹೆಂಗಸರಿಗೆ ಈಗ ಬಸ್ಸು ಬಿಟ್ಟಿ ಎನ್ನಬೇಡಿ. ಆಧಾರ್ ಕೇಳಿದರೆ ಏನು ತೋರಿಸುತ್ತೀರಿ? ದುಡ್ಡು ಕೊಟ್ಟೇ ತೆಗೆಯಿರಿ.

ಒಂದು ಮಾತು. ಆಟಿ ಮುಗಿದು ಬರುವ ಸೋಣ ಸಂಕ್ರಮಣಕ್ಕೆ ಅವಳು ಇಲ್ಲಿರಬೇಕು. ಸೆಪ್ಟೆಂಬರ್ ಮೊದಲ ವಾರ ಶಶಿಯ ನಿಶ್ಚಿತಾರ್ಥ. ದೊಡ್ಡ ಸೊಸೆ ಮನೆಯಲ್ಲಿಲ್ಲದೆ ಚಿಕ್ಕ ಸೊಸೆಗೆ ಹೂ ಮುಡಿಸಲು ಆಗುವುದಿಲ್ಲ. ಅವಳಿಲ್ಲದಿದ್ದರೆ ದೀಕ್ಷಿತ್ ಮತ್ತೆ ಬಾಗಿಲಿಗೆ ಬರುತ್ತಾನೆ.

ಸುಮಿತಾ


ಪಾಲಿಬೆಟ್ಟ
೪ ಆಗಸ್ಟ್ ೨೦೨೪

ಬೀಗಿತ್ತಿಯವರೇ,

ಶ್ವೇತ ಬಂದಿದ್ದಾಳೆ. ಇದಕ್ಕಿಂತ ಬೇರೆ ರೀತಿಯಲ್ಲಿ ಬರೆಯಲು ನನಗೆ ಬರುವುದಿಲ್ಲ.

ನೀವು ಹೇಳಿದಂತೆಯೇ ಮಾಡಿದೆ. ಕಂಡಕ್ಟರನಿಗೆ ಒಂದು ಫುಲ್, ಒಂದು ಹಾಫ್ ಎಂದೆ. ಮಗು ಎಲ್ಲಿ ಎಂದು ಕೇಳಿದ. ಕಿಟಕಿಯ ಪಕ್ಕದ ಸೀಟು ತೋರಿಸಿದೆ. ಅವನು ನನ್ನ ಮುಖ ನೋಡಿ, "ಅಜ್ಜ, ಹುಷಾರಾಗಿ ಹೋಗಿ" ಎಂದು ಎರಡೂ ಟಿಕೆಟ್ ಹರಿದುಕೊಟ್ಟ. ಮಡಿಕೇರಿಯಲ್ಲಿ ಬಸ್ಸು ಬದಲಿಸುವಾಗ ಅವಳು ಹಿಡಿಯಲೆಂದು ಯಾವತ್ತಿನ ಹಾಗೆ ಎಡಗೈ ಹಿಂದಕ್ಕೆ ಚಾಚಿಕೊಂಡೇ ನಡೆದೆ.

ಮರುದಿನ ಬೆಳಿಗ್ಗೆ ಮೇಜಿನ ಎದುರು ಕೂತು ಕೈ ಚಾಚಿದೆ. ಚಿಮಟ ಸಿಕ್ಕಿತು.

ನಿನ್ನೆ ಆಟಿ ಹದಿನೆಂಟು, ಕ್ರಮದಂತೆ ಮದ್ದುಸೊಪ್ಪಿನ ಪಾಯಸ ಮಾಡಿ ಅವಳಿಗೂ ಬಡಿಸಿದೆವು. ಅವಳಿಗೆಂದು ಒಂದು ಗಡಿಯಾರ ಜೋಡಿಸುತ್ತಿದ್ದೇನೆ. ಹೆಂಗಸರ ಚಿಕ್ಕ ಮೆಷಿನ್, ಅದೂ ಕೈಯ ಅಲುಗಾಟದಲ್ಲೇ ಓಡುವಂಥದು. ಬೆಲ್ಟು ಅಳೆಯುವುದು ಸುಲಭವಾಯಿತು. ಅವಳ ಮಣಿಕಟ್ಟಿಗೆ ನನ್ನ ಹೆಬ್ಬೆರಳು, ತೋರುಬೆರಳು ಸುತ್ತಿದರೆ ಕೂಡುತ್ತಿದ್ದವು, ಅಷ್ಟೇ ಉದ್ದ ಕತ್ತರಿಸಿದೆ. ತಂಗಮ್ಮ ನೋಡಿ, "ಇದ್ ಯಾರಿಗೆ?" ಎಂದು ಕೇಳಿದಳು. ಪ್ರಶ್ನೆ ನನಗೆ ಅರ್ಥವಾಗಲಿಲ್ಲ.

ಕುಟ್ಟಪ್ಪ


ಸಂಪಾಜೆ
೧೯ ಆಗಸ್ಟ್ ೨೦೨೪

ಬೀಗರೇ,

ಸಂಕ್ರಮಣ ಕಳೆಯಿತು. ನೀವು ಬರಲಿಲ್ಲ.

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಹಾಫ್ ಟಿಕೆಟ್ ಎಂದು ಬರೆದಿದ್ದೀರಿ. ನಾನು ನಿಮ್ಮ ಕೈಗೆ ಕೊಟ್ಟದ್ದು ನನ್ನ ಮಗನ ಹೆಂಡತಿಯನ್ನು. ನೀವು ಯಾರನ್ನು ಕರೆದುಕೊಂಡು ಹೋದಿರಿ? ನೀವು ಹೋದ ಮೇಲೆ ಟ್ರಂಕು ತೆರೆದೆ. ಸೀರೆ ಇಲ್ಲೇ ಇದೆ. ತವರಿಗೆ ಹೋಗುವ ಹೆಣ್ಣು ಉಡುವ ಬಟ್ಟೆ ಬಿಟ್ಟು ಹೋಗುತ್ತಾಳೆಯೇ? ಮಗುವೆಂದು ಕರೆದರೆ ಮಗುವಾಗಿಯೇ ಬರಬೇಕಾಗುತ್ತದೆ, ಪಾಪ. ಇಪ್ಪತ್ತಾರರ ಹೆಣ್ಣು ಅಷ್ಟು ಚಿಕ್ಕ ಜಾಗದಲ್ಲಿ ಎಷ್ಟು ದಿನ ಮುದುಡಿ ಕೂರಬೇಕು?

ಇಲ್ಲಿ ಬೆಳಿಗ್ಗೆ ಹೋಟೆಲಿನ ಬಾಗಿಲು ತೆಗೆಯುವಾಗ ಒಳಗಿನಿಂದ ಯಾರೋ ಒರಗಿ ನಿಂತ ಹಾಗೆ ಭಾರವಾಗಿರುತ್ತದೆ. ಶಶಿ ಭುಜ ಕೊಟ್ಟು ತಳ್ಳುತ್ತಾನೆ. ಅವನೀಗ ತಮಾಷೆ ಮಾಡುವುದನ್ನು ಬಿಟ್ಟಿದ್ದಾನೆ. ಅರಂತೋಡಿನವರು ದಿನ ಮುಂದೆ ಹಾಕುವ ಎಂದು ಹೇಳಿ ಕಳಿಸಿದ್ದಾರೆ.

ಅವಳನ್ನು ಕರೆತನ್ನಿ. ಕೈಮುಗಿದು ಕೇಳುತ್ತೇನೆ.

ಸುಮಿತಾ


ಪಾಲಿಬೆಟ್ಟ
೨೫ ಆಗಸ್ಟ್ ೨೦೨೪

ಶ್ರೀಮತಿ ಸುಮಿತಾ ಅವರಿಗೆ,

ನಿಮ್ಮ ಕಾಗದ ತಲುಪಿದೆ. ಶಶಿಧರನ ವಿಷಯ ತಿಳಿದು ಬೇಸರವಾಯಿತು. ಆದರೆ ನಾನು ಮಗುವನ್ನು ಕಳಿಸುವುದಿಲ್ಲ. ಏಳು ವರ್ಷದ ಮಕ್ಕಳನ್ನು ಯಾರೂ ಗಂಡನ ಮನೆಗೆ ಕಳಿಸುವುದಿಲ್ಲ. ಫೆಬ್ರವರಿಯಲ್ಲಿ ಒಪ್ಪಿದ್ದೇ ನನ್ನ ತಪ್ಪು.

ಅವಳ ಗಡಿಯಾರ ಮುಗಿದಿದೆ. ಮೇಜಿನ ಮೇಲಿಟ್ಟಿದ್ದೇನೆ, ಅಲುಗಿಸಿಲ್ಲ, ಓಡುತ್ತಿದೆ. ಬಕಲ್ ಮೊದಲ ತೂತಿನಲ್ಲೇ ಇದೆ. ಚರ್ಮ ಬಿರುಕು ಬಿಡುತ್ತಿದೆ. ಮಳೆಗಾಲದ ಥಂಡಿಗೆ ಹಾಗಾಗುವುದುಂಟು.

ತಂಗಮ್ಮ ಶ್ರೀಮಂಗಲಕ್ಕೆ, ತಂಗಿಯ ಮನೆಗೆ ಹೋಗಿದ್ದಾಳೆ. ಹೋಗುವ ಮೊದಲು ಕೋಣೆಯ ಬಾಗಿಲಲ್ಲಿ ನಿಂತು, "ಒಳ್ಗೆ ಅಳುದು ಮಗು ಅಲ್ಲ, ಒಬ್ಬ ಹೆಂಗ್ಸ್. ನಿಮ್ಗೆ ಕೇಳುದಿಲ್ವಾ?" ಎಂದಳು. ನನಗೆ ಕೇಳುವುದಿಲ್ಲ. ನನ್ನ ಕಿವಿಯ ವಿಷಯ ಅವಳಿಗೆ ಗೊತ್ತೇ ಇದೆ.

ಇನ್ನು ಈ ಬಗ್ಗೆ ಬರೆಯಬೇಡಿ.

ಕುಟ್ಟಪ್ಪ


ಸಂಪಾಜೆ
೨೯ ಆಗಸ್ಟ್ ೨೦೨೪

ಕುಟ್ಟಪ್ಪನವರಿಗೆ,

ಬರೆಯಬೇಡಿ ಎಂದಿರಿ. ತಿಳಿಸದೆ ಇರುವುದು ಸರಿಯಲ್ಲ, ಆದ್ದರಿಂದ ಈ ನಾಲ್ಕು ಸಾಲು.

ಇವತ್ತು ಬೆಳಿಗ್ಗೆ ಹೋಟೆಲಿನ ಬಾಗಿಲು ಬೆರಳು ತಾಗಿಸಿದ ಕೂಡಲೇ ತೆರೆಯಿತು. ನಾನು ಒಳಕೋಣೆಗೆ ಹೋದೆ. ಟ್ರಂಕಿನ ಬೀಗ ಹಾಕಿದ ಹಾಗೆಯೇ ಇತ್ತು. ತೆರೆದರೆ ಪಂಚೆ ಇಲ್ಲ, ಅಂಗಿ ಇಲ್ಲ, ವಾಚಿಲ್ಲ. ಅವಳ ಸೀರೆಯನ್ನೂ ತೆಗೆದುಕೊಂಡು ಹೋಗಿದ್ದಾನೆ.

ಆಟಿಗೆ ಹೋದ ಹೆಂಡತಿಯನ್ನು ತವರಿನವರು ಕಳಿಸದಿದ್ದರೆ ಗಂಡನೇ ಹೋಗಿ ಕರೆಯುವುದು ವಾಡಿಕೆ. ಅವನು ಸಾಧು. ಬಾಗಿಲು ಹಾಕಿಕೊಂಡರೆ ಏನು ಮಾಡುತ್ತಾನೋ ನನಗೆ ಗೊತ್ತಿಲ್ಲ. ಹೆತ್ತವಳಾದರೂ ನಾನು ಅವನನ್ನು ಒಂಬತ್ತು ವರ್ಷ ಮಾತ್ರ ನೋಡಿದವಳು.

ಬಾಗಿಲು ತೆರೆಯಿರಿ. ಇಬ್ಬರಿಗೂ ಎಲೆ ಹಾಕಿ ಬಡಿಸಿ, ನೀವು ಹೊರಗೆ ಬನ್ನಿ. ಮಗುವನ್ನು ಕರೆದ ಹಾಗೆ ಕರೆಯಬೇಡಿ. ಇದನ್ನು ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗಿಂತ ಮೊದಲು ಮುಟ್ಟಲಿ.

ಸುಮಿತಾ


ಪಾಲಿಬೆಟ್ಟ
೧ ಸೆಪ್ಟೆಂಬರ್ ೨೦೨೪

ಬೀಗಿತ್ತಿಯವರೇ,

ಅಳಿಯ ಬಂದಿದ್ದರು. ಕಾಗದ ಮೊದಲು ಮುಟ್ಟಿತು.

ಓದಿದ ಮೇಲೆ ಬಾಗಿಲಿಗೆ ಚಿಲಕ ಹಾಕಿ ಕೋಣೆಯಲ್ಲಿ ಕೂತೆ. ಮಧ್ಯಾಹ್ನದ ಬಿಸಿಲಿತ್ತು. ಅಂಗಳದಲ್ಲಿ ಮಲಗಿದ್ದ ನಾಯಿ ಬೊಗಳಲಿಲ್ಲ. ಎದ್ದು, ದಾರಿ ಬಿಟ್ಟು, ಆಚೆ ಹೋಗಿ ಮಲಗಿತು. ಬಾಗಿಲು ಯಾರೂ ತಟ್ಟಲಿಲ್ಲ. ಬಾಗಿಲ ಹಲಗೆ ಮಾತ್ರ, ಯಾರೋ ಒರಗಿದಂತೆ, ನಿಧಾನವಾಗಿ ಒಳಕ್ಕೆ ಬಾಗಿತು. ನಾನು ತೆರೆಯದೆ ಕಾಯುವ ಮನಸ್ಸು ಮಾಡಿದೆ. ಅಭ್ಯಾಸದಂತೆ ಪಕ್ಕಕ್ಕೆ ಕೈ ಚಾಚಿದೆ.

ಚಿಮಟ ಸಿಗಲಿಲ್ಲ. ನನ್ನ ಕೈಯನ್ನು ಒಂದು ಕೈ ಹಿಡಿಯಿತು. ನನ್ನ ಬೆರಳು ಆ ಮಣಿಕಟ್ಟನ್ನು ಸುತ್ತಿದವು. ಕೂಡಲಿಲ್ಲ. ದೊಡ್ಡ ಹೆಣ್ಣುಮಗಳ ಕೈ ಅದು, ತಂಗಮ್ಮನದರ ಹಾಗೆ ಮೂಳೆ ಎದ್ದದ್ದು. ಚರ್ಮದಲ್ಲಿ ಸುತ್ತಲೂ ಆಳವಾದ ಗೆರೆ ಬಿದ್ದಿತ್ತು, ಬಿಗಿಯಾದದ್ದನ್ನು ಬಹಳ ದಿನ ಕಟ್ಟಿಕೊಂಡ ಹಾಗೆ. ನಾನು ತಿರುಗಿ ನೋಡಲಿಲ್ಲ. ತಪ್ಪಾಯಿತು ಎಂದೆ. ಆಮೇಲೆ ಎದ್ದು ಹೋಗಿ ಬಾಗಿಲು ತೆರೆದೆ.

ಎರಡು ಎಲೆ ಹಾಕಿ ಅನ್ನ, ಕೋಳಿ ಸಾರು ಬಡಿಸಿ ಅಂಗಳಕ್ಕೆ ಬಂದು ನಿಂತೆ. ಒಳಗೆ ಹೋಗಿ ನೋಡುವಾಗ ಎರಡೂ ಎಲೆ ಮಡಿಸಿದ್ದವು, ಅನ್ನ ಒಳಗೆ ಹಾಗೆಯೇ ಇತ್ತು. ನಾಲ್ಕರ ಬಸ್ಸಿಗೆ ನಾನೂ ರಸ್ತೆಯವರೆಗೆ ಹೋದೆ. ಹತ್ತಲಿಲ್ಲ. ಕಂಡಕ್ಟರನಿಗೆ ದುಡ್ಡು ಕೊಟ್ಟು, ಎರಡು, ಎರಡೂ ಫುಲ್ ಎಂದೆ.

ಮೇಜಿನ ಮೇಲೆ ಅವಳ ಗಡಿಯಾರ ಇಲ್ಲ. ಬೆಲ್ಟು ಮಾತ್ರ ಇದೆ, ಅದನ್ನು ಗಡಿಯಾರಕ್ಕೆ ಹಿಡಿದಿಡುವ ಎರಡು ಕಡ್ಡಿ ಬಿಚ್ಚಿ ಪಕ್ಕದಲ್ಲಿ ಸಾಲಾಗಿ ಇಟ್ಟಿದೆ. ಈ ಕಾಗದದ ಜೊತೆ ಅವಳಿಗೆ ಬೇರೆ ಬೆಲ್ಟು ಇಟ್ಟಿದ್ದೇನೆ, ಉದ್ದದ್ದು. ಟ್ರಂಕಿನಲ್ಲಿ ಹಾಕಿ. ಅರಂತೋಡಿನವರು ಏನು ಹೇಳಿದರೆಂದು ಬರೆಯಿರಿ.

ಅವಳು ನನ್ನೊಡನೆ ಮಾತಾಡಲಿಲ್ಲ. ದೀಪ ತೋರಿಸುವಾಗ ನನ್ನ ಪರವಾಗಿ ಒಂದು ಮಾತು ಕೇಳಿ, ಬರುವ ಆಟಿಗೂ ಬರುತ್ತೀಯಾ ಎಂದು. ತವರಿನಲ್ಲಿ ಕೂರಿಸುವುದು ಮೊದಲ ವರ್ಷದ ಆಟಿಗೆ ಮಾತ್ರ ಎಂದು ನನಗೆ ಗೊತ್ತಿದೆ. ಆದರೂ ಕೇಳಿ ನೋಡಿ.

ಕುಟ್ಟಪ್ಪ